ಜೈಲಿನೊಳಗಿನ ಮಾನಸಿಕ ಆರೋಗ್ಯ ಸೇವೆ: ಮೇಲೆ ನಿಗಾ ಇಡುವವರು ಏನು ನೋಡಬೇಕು, ಹೇಗೆ ನೋಡಬೇಕು

ಜೈಲಿನ ತಪಾಸಣೆಗೆ ಹೋದವರನ್ನು ಸಾಮಾನ್ಯವಾಗಿ ಮೊದಲು ಕರೆದೊಯ್ಯುವುದು ಆಸ್ಪತ್ರೆ ಕೋಣೆಗೆ. ಹಾಸಿಗೆಗಳ ಮೇಲೆ ಒಗೆದ ಹೊದಿಕೆ ಇರುತ್ತದೆ. ಮನೋವೈದ್ಯರು ಬರುವ ದಿನ ಯಾವುದು ಅಂತ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ರಿಜಿಸ್ಟರ್ ತೆರೆದರೆ ಒಂದು ಕಾಲಂ ಕೂಡ ಖಾಲಿ ಇರುವುದಿಲ್ಲ. ಒಂದು ಗಂಟೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಿ ಹೊರಗೆ ಬರಬಹುದು. ಎಷ್ಟೋ ಜನ ಹಾಗೇ ಬರುತ್ತಾರೆ.

ಅದೇ ಹೊತ್ತಿಗೆ ಹಿಂದಿನ ಬ್ಲಾಕಿನ ಒಂಟಿ ಸೆಲ್ಲಿನಲ್ಲಿ ಒಬ್ಬ ಮೂರು ವಾರದಿಂದ ಗೋಡೆಗೆ ಮುಖ ಮಾಡಿ ಕೂತಿರಬಹುದು. ಅವನ ಹೆಸರು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇರುವುದಿಲ್ಲ, ಶಿಕ್ಷೆಯ ರಿಜಿಸ್ಟರಿನಲ್ಲಿ ಇರುತ್ತದೆ. ಹೇಳಿದ ಮಾತು ಕೇಳುವುದಿಲ್ಲ, ಎಣಿಕೆಗೆ ಎದ್ದು ನಿಲ್ಲುವುದಿಲ್ಲ ಅಂತ. ಅಂದರೆ ಒಬ್ಬನ ಕಾಯಿಲೆ ಇನ್ನೊಂದು ಪುಸ್ತಕದಲ್ಲಿ ತಪ್ಪು ಎಂದು ದಾಖಲಾಗಿದೆ. ಒಂದೇ ಪುಸ್ತಕ ನೋಡಿ ಹೋದವರಿಗೆ ಇದು ಯಾವತ್ತೂ ಸಿಗುವುದಿಲ್ಲ.

ಹಾಗಾಗಿ ಈ ಲೇಖನದಲ್ಲಿ ಹೇಳುವ ಕ್ರಮ ಬೇರೆ. ಕೋಣೆ ನೋಡಬೇಡಿ, ಹೆಸರು ಹಿಡಿದು ಹೋಗಿ. ಹತ್ತು ಜನರನ್ನು ಆರಿಸಿ, ಒಬ್ಬೊಬ್ಬರೂ ಗೇಟಿನೊಳಗೆ ಕಾಲಿಟ್ಟ ದಿನದಿಂದ ಇವತ್ತಿನವರೆಗೆ ಏನಾಯಿತು ಎಂದು ಹಿಂಬಾಲಿಸಿ. ಜೈಲಿಗೆ ಆಗಾಗ ಭೇಟಿ ಕೊಟ್ಟು ನೋಡಲು ನೇಮಿಸಿದ ಸಂದರ್ಶಕ ಮಂಡಳಿಯ ಸದಸ್ಯರಿಗೆ, ಆರೋಗ್ಯ ಇಲಾಖೆಯಿಂದ ಹೋಗುವವರಿಗೆ, ನ್ಯಾಯಾಲಯವೋ ಮಾನವ ಹಕ್ಕು ಆಯೋಗವೋ ಕಳುಹಿಸಿದವರಿಗೆ, ಯಾರಿಗಾದರೂ ಈ ಕ್ರಮ ಹೊಂದುತ್ತದೆ.

ಹೆಜ್ಜೆ 1: ನಿಮ್ಮ ಅಧಿಕಾರ ಎಷ್ಟು ಅಂತ ಮೊದಲು ತಿಳಿದುಕೊಳ್ಳಿ

ನೇಮಕದ ಆದೇಶವನ್ನು ಪೂರ್ತಿ ಓದಿ. ಹೇಳದೆ ಕೇಳದೆ ಹೋಗಬಹುದಾ? ರಾತ್ರಿ ಹೋಗಬಹುದಾ? ಕೈದಿಯ ಜೊತೆ ವಾರ್ಡರ್ ಇಲ್ಲದೆ ಮಾತಾಡಬಹುದಾ? ಕೈದಿ ಒಪ್ಪಿದರೆ ಅವನ ವೈದ್ಯಕೀಯ ಫೈಲ್ ನೋಡಬಹುದಾ? ಈ ನಾಲ್ಕಕ್ಕೂ ಉತ್ತರ ಗೊತ್ತಿಲ್ಲದೆ ಗೇಟಿಗೆ ಹೋದರೆ ಅಲ್ಲೇ ಅರ್ಧ ದಿನ ಹೋಗುತ್ತದೆ.

ಆದೇಶದಲ್ಲಿ ಸ್ಪಷ್ಟವಿಲ್ಲದಿದ್ದರೆ ಆಧಾರವಾಗಿ ಹಿಡಿಯಲು ಒಂದು ಅಂತರರಾಷ್ಟ್ರೀಯ ಅಳತೆಗೋಲಿದೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2015ರ ಡಿಸೆಂಬರಿನಲ್ಲಿ ಒಪ್ಪಿಕೊಂಡ ನೆಲ್ಸನ್ ಮಂಡೇಲಾ ನಿಯಮಗಳು. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಹೇಳುವ ಒಟ್ಟು 122 ನಿಯಮ. ತಪಾಸಣೆ ಮಾಡುವವರಿಗೆ ಮುಖ್ಯವಾದದ್ದು 83, 84, 85. ತಪಾಸಣೆ ಎರಡು ಬಗೆಯದು ಇರಬೇಕು ಎನ್ನುತ್ತದೆ 83: ಒಂದು ಇಲಾಖೆಯೇ ಮಾಡುವುದು, ಇನ್ನೊಂದು ಇಲಾಖೆಗೆ ಸೇರದ ಸ್ವತಂತ್ರ ಸಂಸ್ಥೆ ಮಾಡುವುದು. ಯಾವ ಜೈಲಿಗೆ ಹೋಗಬೇಕು, ಯಾವ ಕೈದಿಯನ್ನು ಮಾತಾಡಿಸಬೇಕು ಎಂದು ತಪಾಸಕರೇ ಆರಿಸಬಹುದು, ಮುನ್ಸೂಚನೆ ಇಲ್ಲದೆ ಹೋಗಬಹುದು, ಗುಟ್ಟಾಗಿ ಮಾತಾಡಬಹುದು ಎನ್ನುತ್ತದೆ 84. ತಂಡದಲ್ಲಿ ಆರೋಗ್ಯ ಕ್ಷೇತ್ರದವರು ಇರಬೇಕು ಎಂದೂ ಅಲ್ಲೇ ಇದೆ. ಇದನ್ನು ಬಿಡಬೇಡಿ. ಮಾತ್ರೆ ಚೀಟಿ ಓದಲು ಬರುವವರು ಒಬ್ಬರೂ ಇಲ್ಲದ ತಂಡ ಮಾನಸಿಕ ಆರೋಗ್ಯದ ತಪಾಸಣೆ ಮಾಡಿದೆ ಎಂದು ಹೇಳಿಕೊಳ್ಳುವುದರಲ್ಲಿ ಅರ್ಥವಿಲ್ಲ.

ದೇಶದ ಕಾನೂನನ್ನೂ ನೋಡಿಕೊಳ್ಳಿ. ಕೆಲವು ಕಡೆ ತುಂಬಾ ನಿಖರವಾದ ಹಿಡಿಕೆ ಸಿಗುತ್ತದೆ. ಉದಾಹರಣೆಗೆ ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಸೆಕ್ಷನ್ ಪ್ರಕಾರ, ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಕಳುಹಿಸಬೇಕು. ಮಾನಸಿಕ ಕಾಯಿಲೆ ಇರುವ ಕೈದಿಗಳು ಜೈಲಿನಲ್ಲಿ ಇಲ್ಲ ಎಂದು ದೃಢೀಕರಿಸಬೇಕು. ಇದ್ದರೆ ಯಾಕೆ ಆಸ್ಪತ್ರೆಗೆ ಕಳುಹಿಸಿಲ್ಲ ಎಂದು ಮಂಡಳಿ ಜೈಲಿಗೇ ಬಂದು ಕೇಳಬಹುದು. ಅಂಥ ಕಾನೂನು ಇರುವಲ್ಲಿ ಮೊದಲ ಪ್ರಶ್ನೆ ಸುಲಭ: ಕಳೆದ ನಾಲ್ಕು ವರದಿಗಳನ್ನು ಕೊಡಿ. ನಾಲ್ಕರಲ್ಲೂ ಒಂದೇ ವಾಕ್ಯ, ಒಂದೇ ಸೊನ್ನೆ ಇದ್ದರೆ ಮುಂದಿನ ಕೆಲಸ ಎಲ್ಲಿದೆ ಅಂತ ಗೊತ್ತಾಯಿತು.

ಇನ್ನೊಂದು ಮಾತು. ಜೈಲಿನ ವೈದ್ಯರು ಯಾರ ಕೈಕೆಳಗೆ ಕೆಲಸ ಮಾಡುತ್ತಾರೆ ಎಂದು ಕೇಳಿ. ಅವರ ರಜೆ, ಬಡ್ತಿ, ವರ್ಗಾವಣೆ ಎಲ್ಲ ಜೈಲಿನ ಮುಖ್ಯಸ್ಥರ ಸಹಿಯ ಮೇಲೆ ನಿಂತಿದ್ದರೆ, ಆ ವೈದ್ಯರು 'ಈ ಕೈದಿಯನ್ನು ಒಂಟಿ ಸೆಲ್ಲಿನಲ್ಲಿ ಇಡಬೇಡಿ' ಎಂದು ಬರೆಯುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಮನುಷ್ಯ ಸಹಜ. ಇಂಗ್ಲೆಂಡ್ 2006ರ ಹೊತ್ತಿಗೆ ಜೈಲಿನ ಆರೋಗ್ಯ ಸೇವೆಯನ್ನು ರಾಷ್ಟ್ರೀಯ ಆರೋಗ್ಯ ಸೇವೆಗೆ ವಹಿಸಿತು. ನಾರ್ವೆಯಲ್ಲಿ ಅದಕ್ಕಿಂತ ಮುಂಚೆಯೇ ಹೊರಗಿನ ಆರೋಗ್ಯ ವ್ಯವಸ್ಥೆಯೇ ಒಳಗೂ ಕೆಲಸ ಮಾಡುತ್ತಿತ್ತು. ಹಾಗೆ ಮಾಡಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದಲ್ಲ. ಆದರೆ ವೈದ್ಯರ ಮಾತಿಗೆ ಬೆನ್ನೆಲುಬು ಬರುತ್ತದೆ.

ಹೆಜ್ಜೆ 2: ಪಟ್ಟಿಗಳನ್ನು ಬೇರೆ ಬೇರೆ ಕಡೆಯಿಂದ ತರಿಸಿ

ಹೋಗುವ ಮೊದಲೋ, ಹೋದ ದಿನ ಬೆಳಿಗ್ಗೆಯೋ ಇವು ಬೇಕು: ಕಳೆದ ಮೂರು ತಿಂಗಳಲ್ಲಿ ಒಳಗೆ ಬಂದವರ ಪಟ್ಟಿ, ಬಂದ ಗಂಟೆ ಸಮೇತ. ಮನೋವೈದ್ಯರು ನೋಡಿದವರ ಪಟ್ಟಿ. ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿರುವವರ ಪಟ್ಟಿ. ಶಿಕ್ಷೆಗೆ ಒಳಗಾದವರ ಪಟ್ಟಿ. ಒಂಟಿ ಸೆಲ್ಲಿನಲ್ಲಿ ಇರುವವರು, ಯಾವತ್ತಿನಿಂದ. ಸಾವು, ಆತ್ಮಹತ್ಯೆ ಯತ್ನ, ತಮಗೆ ತಾವೇ ಗಾಯ ಮಾಡಿಕೊಂಡ ಪ್ರಕರಣಗಳು. ಆಸ್ಪತ್ರೆಗೆ ಕಳುಹಿಸಲು ಬರೆದುಕೊಟ್ಟರೂ ಇನ್ನೂ ಒಳಗೇ ಇರುವವರು. ಬಿಡುಗಡೆಯಾದವರು. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು.

ಒಬ್ಬರೇ ಗುಮಾಸ್ತರು ಎಲ್ಲವನ್ನೂ ಟೈಪ್ ಮಾಡಿ ಕೊಟ್ಟರೆ ಪ್ರಯೋಜನ ಕಡಿಮೆ. ಔಷಧಿ ಪಟ್ಟಿ ಔಷಧಿ ಕೋಣೆಯಿಂದ ಬರಲಿ, ಶಿಕ್ಷೆಯ ಪಟ್ಟಿ ಜೈಲರ್ ಕಚೇರಿಯಿಂದ ಬರಲಿ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿ. ಎರಡರಲ್ಲೂ ಇರುವ ಹೆಸರುಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಈ ಹದಿನೈದು ನಿಮಿಷದ ಕೆಲಸ ಇಡೀ ದಿನದ ತಿರುಗಾಟಕ್ಕಿಂತ ಜಾಸ್ತಿ ಹೇಳುತ್ತದೆ.

ಆಮೇಲೆ ಒಂದು ಸಣ್ಣ ಲೆಕ್ಕ ಹಾಕಿ. 2002ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 12 ದೇಶಗಳಲ್ಲಿ ನಡೆದ 62 ಸಮೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದ ಅಧ್ಯಯನ ಅದು. ಗಂಡು ಕೈದಿಗಳಲ್ಲಿ ಶೇಕಡಾ 3.7ರಷ್ಟು ಜನಕ್ಕೆ ಸೈಕೋಸಿಸ್, ಅಂದರೆ ವಾಸ್ತವದ ಅರಿವೇ ತಪ್ಪುವಂಥ ಕಾಯಿಲೆ ಇತ್ತು. ಶೇಕಡಾ 10ರಷ್ಟು ಜನಕ್ಕೆ ತೀವ್ರ ಖಿನ್ನತೆ ಇತ್ತು. ಹೆಂಗಸರಲ್ಲಿ ಖಿನ್ನತೆ ಶೇಕಡಾ 12. ಈ ಲೆಕ್ಕ ಎಲ್ಲ ಜೈಲಿಗೂ ಅಚ್ಚು ಹೊಡೆದ ಹಾಗೆ ಹೊಂದುವುದಿಲ್ಲ, ಸಮೀಕ್ಷೆಗಳು ಹೆಚ್ಚಾಗಿ ಪಶ್ಚಿಮದ ದೇಶಗಳವು. ಆದರೂ ಸಾವಿರ ಗಂಡಸರಿರುವ ಜೈಲಿನಲ್ಲಿ ಮೂವತ್ತಕ್ಕೂ ಹೆಚ್ಚು ಜನಕ್ಕೆ ಸೈಕೋಸಿಸ್, ನೂರರಷ್ಟು ಜನಕ್ಕೆ ಖಿನ್ನತೆ ಇರಬಹುದು ಅಂತಾಯಿತು. ನಿಮ್ಮ ಕೈಗೆ ಕೊಟ್ಟ ಪಟ್ಟಿಯಲ್ಲಿ ಒಟ್ಟು ಆರು ಹೆಸರಿವೆಯಾ? ಹಾಗಾದರೆ ಉಳಿದವರು ಎಲ್ಲಿ? ರೋಗಿಗಳು ಕಡಿಮೆ ಇದ್ದಾರೆ ಎಂದು ಹೇಳುವ ಜೈಲನ್ನು ಹೊಗಳುವ ಮುಂಚೆ, ಅಲ್ಲಿ ಹುಡುಕುವವರು ಎಷ್ಟು ಜನ ಇದ್ದಾರೆ ಎಂದು ನೋಡಿ.

ಹೆಜ್ಜೆ 3: ಹತ್ತು ಹೆಸರು

ಹೊಸದಾಗಿ ಬಂದವರಲ್ಲಿ ಮೂರು. ಒಂಟಿ ಸೆಲ್ಲಿನಿಂದ ಎರಡು. ಕೆಂಪು ಗುರುತು ಮಾಡಿದವರಲ್ಲಿ ಎರಡು. ಆಸ್ಪತ್ರೆಗೆ ಹೋಗಲು ಕಾಯುತ್ತಿರುವವರಲ್ಲಿ ಒಂದು. ತಮಗೆ ಗಾಯ ಮಾಡಿಕೊಂಡವರಲ್ಲಿ ಒಂದು. ಕೊನೆಯದು, ಯಾವ ಪಟ್ಟಿಯಲ್ಲೂ ಇಲ್ಲದ ಒಬ್ಬರು, ಸುಮ್ನೆ ಕಣ್ಣುಮುಚ್ಚಿ ಆರಿಸಿದ್ದು. ಆ ಕೊನೆಯ ಹೆಸರಿನಿಂದ ನನಗೆ ಅನೇಕ ಸಲ ಜಾಸ್ತಿ ಗೊತ್ತಾಗಿದೆ.

ಹೆಂಗಸರ ವಿಭಾಗ ಚಿಕ್ಕದಿರುತ್ತದೆ, ಅದಕ್ಕೇ ಮರೆತುಹೋಗುತ್ತದೆ. ಅಲ್ಲಿಂದ ಎರಡು ಮೂರು ಹೆಸರಾದರೂ ಇರಲಿ. ಜೈಲಿನವರು ತಾವೇ ಆರಿಸಿ ಕರೆತಂದ ಕೈದಿಗಳನ್ನೂ ಮಾತಾಡಿಸಿ, ಬೇಡ ಅನ್ನಬೇಡಿ. ಆದರೆ ಹತ್ತರ ಲೆಕ್ಕಕ್ಕೆ ಸೇರಿಸಬೇಡಿ.

ಹೆಜ್ಜೆ 4: ಮೊದಲ ದಿನ, ಮೊದಲ ರಾತ್ರಿ

ಜೈಲಿಗೆ ಬಂದ ಮೊದಲ ಕೆಲವು ದಿನಗಳೇ ಎಲ್ಲಕ್ಕಿಂತ ಅಪಾಯದವು. ನಿನ್ನೆವರೆಗೆ ಮನೆಯಲ್ಲಿದ್ದವನು ಇವತ್ತು ಇಲ್ಲಿ. ನಾಚಿಕೆ, ಭಯ, ಕುಡಿತವೋ ಮಾದಕ ವಸ್ತುವೋ ಇದ್ದಕ್ಕಿದ್ದ ಹಾಗೆ ನಿಂತುಹೋದ ಸಂಕಟ, ಎಲ್ಲ ಒಟ್ಟಿಗೆ. ಆದಷ್ಟು ಬೇಗ ಆರೋಗ್ಯ ಸಿಬ್ಬಂದಿ ನೋಡಬೇಕು, ಆತ್ಮಹತ್ಯೆಯ ಅಪಾಯ ಇದೆಯಾ, ಮಾನಸಿಕ ಒತ್ತಡ ಇದೆಯಾ ಎಂದು ಗುರುತಿಸಬೇಕು ಎನ್ನುತ್ತದೆ ಮಂಡೇಲಾ ನಿಯಮ 30.

ನಿಮ್ಮ ಮೂರು ಹೆಸರುಗಳ ಪ್ರವೇಶ ಹಾಳೆ ತೆಗೆಸಿ. ಗೇಟಿನಲ್ಲಿ ಹೆಸರು ಬರೆದ ಗಂಟೆ ಒಂದು, ಆರೋಗ್ಯ ಸಿಬ್ಬಂದಿ ನೋಡಿದ ಗಂಟೆ ಇನ್ನೊಂದು. ನಡುವೆ ಎಷ್ಟು ಹೊತ್ತು? ಸಂಜೆ ತಡವಾಗಿ ಬಂದವರಿಗೆ, ರಜಾದಿನ ಬಂದವರಿಗೆ ಎಷ್ಟು? ಸಾಮಾನ್ಯವಾಗಿ ವ್ಯವಸ್ಥೆ ಹರಿಯುವುದು ಅಲ್ಲೇ.

ಮೊದಲ ಜರಡಿಗೆ, ಅಂದರೆ ತೊಂದರೆ ಇರಬಹುದಾದವರನ್ನು ಗುರುತಿಸುವುದಕ್ಕೆ, ದೊಡ್ಡ ಪರಿಣತಿ ಬೇಕಿಲ್ಲ. ಬ್ರೀಫ್ ಜೈಲ್ ಮೆಂಟಲ್ ಹೆಲ್ತ್ ಸ್ಕ್ರೀನ್ ಎಂಬ ಪ್ರಶ್ನಾವಳಿಯಲ್ಲಿ ಇರುವುದು ಎಂಟೇ ಪ್ರಶ್ನೆ, ಮೂರು ನಿಮಿಷ ಸಾಕು. ತರಬೇತಿ ಪಡೆದ ವಾರ್ಡರ್ ಕೂಡ ಕೇಳಬಹುದು. ಆದರೆ ಯಾರ ಮುಂದೆ ಕೇಳಿದರು? ಪಕ್ಕದಲ್ಲಿ ಕರೆತಂದ ಪೊಲೀಸರು, ಹಿಂದೆ ಸಾಲಿನಲ್ಲಿ ಇಪ್ಪತ್ತು ಜನ. 'ಸಾಯಬೇಕು ಅನ್ನಿಸುತ್ತದೆಯಾ' ಎಂದು ಅಲ್ಲಿ ಕೇಳಿದರೆ ಯಾರು ತಾನೇ ಹೌದು ಅನ್ನುತ್ತಾರೆ? ಇಪ್ಪತ್ತು ಹಾಳೆ ತಿರುಗಿಸಿ ನೋಡಿ. ಇಪ್ಪತ್ತರಲ್ಲೂ ಎಲ್ಲ ಪ್ರಶ್ನೆಗೂ 'ಇಲ್ಲ', ಒಂದೇ ಪೆನ್ನು, ಒಂದೇ ವೇಗದ ಗೆರೆ ಇದ್ದರೆ, ಆ ಪ್ರಶ್ನೆಗಳನ್ನು ಯಾರೂ ಕೇಳಿಲ್ಲ ಎಂದು ಧೈರ್ಯವಾಗಿ ಅನುಮಾನಿಸಬಹುದು.

ಕುಡಿತದ ವಿಷಯ ಇಲ್ಲಿ ಬಿಡಿಸಿ ಹೇಳಬೇಕು. ವರ್ಷಗಟ್ಟಲೆ ದಿನವೂ ಕುಡಿದವರಿಗೆ ಕುಡಿತ ನಿಂತ ಮೇಲೆ ಒಂದು ದಿನದೊಳಗೇ ನಡುಕ, ಬೆವರು, ಫಿಟ್ಸ್ ಶುರುವಾಗಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವುದು, ಕೂಗಾಡುವುದು, ಜ್ವರ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಬ್ಯಾರಕ್ಕಿನಲ್ಲಿ ಇದಕ್ಕೆ ಇಟ್ಟಿರುವ ಹೆಸರು 'ನಾಟಕ'. ಈ ಮಾತು ಸಿಬ್ಬಂದಿ ಬಾಯಿಂದ ಎಷ್ಟು ಸಲ ಬರುತ್ತದೆ ಅಂತ ಎಣಿಸುವುದು ಒಳ್ಳೆಯ ಅಭ್ಯಾಸ. ಬಂದ ಎರಡನೆಯ, ಮೂರನೆಯ ದಿನ ಗಲಾಟೆ ಮಾಡಿದ್ದಕ್ಕೆ ಶಿಕ್ಷೆಯಾದವರ ಹೆಸರುಗಳನ್ನು ಪ್ರತ್ಯೇಕವಾಗಿ ನೋಡಿ.

ಹೊರಗೆ ಮಾತ್ರೆ ತಗೊಳ್ಳುತ್ತಿದ್ದವನಿಗೆ ಒಳಗೆ ಮೊದಲ ಮಾತ್ರೆ ಸಿಕ್ಕಿದ್ದು ಯಾವತ್ತು? ಮನೆಯವರು ತಂದ ಮಾತ್ರೆ ಗೇಟಿನಲ್ಲೇ ಉಳಿಯಿತಾ? ಜರಡಿ ಒಂದೇ ಸಲ ಸಾಲದು. ತೀರ್ಪು ಬಂದ ದಿನ, ಜಾಮೀನು ತಿರಸ್ಕಾರವಾದ ದಿನ, ಮನೆಯಲ್ಲಿ ಸಾವಾದ ಸುದ್ದಿ ಬಂದ ದಿನ ಮತ್ತೆ ಕೇಳುವ ಪದ್ಧತಿ ಇದೆಯಾ?

ಹೆಜ್ಜೆ 5: ಕೇಳಿದ ದಿನ, ಸಿಕ್ಕಿದ ದಿನ

ಇಡೀ ತಪಾಸಣೆಯಲ್ಲಿ ಒಂದೇ ಒಂದು ಅಂಕಿ ಬರೆದುಕೊಳ್ಳಲು ಅವಕಾಶ ಇದ್ದರೆ ನಾನು ಇದನ್ನು ಬರೆದುಕೊಳ್ಳುತ್ತೇನೆ: ಸಹಾಯ ಬೇಕು ಎಂದು ಕೇಳಿದ ದಿನಕ್ಕೂ, ಮನೋವೈದ್ಯರು ಎದುರು ಕೂತು ನೋಡಿದ ದಿನಕ್ಕೂ ನಡುವೆ ಎಷ್ಟು ದಿನ.

ಈ ಅಂಕಿ ಎಷ್ಟು ದೊಡ್ಡದಾಗಬಹುದು? ಅಮೆರಿಕದ ಕ್ಯಾಲಿಫೋರ್ನಿಯಾದ ಕಥೆ ನೋಡಿ. ಅಲ್ಲಿನ ಜೈಲುಗಳು ಸುಮಾರು 80,000 ಜನಕ್ಕೆಂದು ಕಟ್ಟಿದ್ದು, ಒಳಗಿದ್ದವರು ಹತ್ತಿರ ಹತ್ತಿರ ಎರಡು ಪಟ್ಟು. ಮಾನಸಿಕ ಚಿಕಿತ್ಸೆಗೆ 12 ತಿಂಗಳವರೆಗೂ ಕಾಯಬೇಕಿತ್ತು. ಆತ್ಮಹತ್ಯೆಯ ಅಪಾಯದಲ್ಲಿದ್ದವರನ್ನು ಹಾಸಿಗೆ ಇಲ್ಲ ಎಂದು ಟೆಲಿಫೋನ್ ಬೂತಿನಷ್ಟು ಪಂಜರದಲ್ಲಿ ಗಂಟೆಗಟ್ಟಲೆ ನಿಲ್ಲಿಸಿದ್ದರು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬ್ರೌನ್ ವಿರುದ್ಧ ಪ್ಲಾಟಾ ಪ್ರಕರಣದಲ್ಲಿ ಇದನ್ನೆಲ್ಲ ದಾಖಲಿಸಿ, ಕೈದಿಗಳ ಸಂಖ್ಯೆಯನ್ನು ಸಾಮರ್ಥ್ಯದ ಶೇಕಡಾ 137.5ಕ್ಕೆ ಇಳಿಸಿ ಎಂಬ ಆದೇಶವನ್ನು ಎತ್ತಿಹಿಡಿಯಿತು.

ನಮಗೆ ಇದಕ್ಕಿಂತ ಮುಖ್ಯವಾದದ್ದು ಆಮೇಲಿನ ಭಾಗ. ನ್ಯಾಯಾಲಯ ನೇಮಿಸಿದವರು ವರ್ಷಗಟ್ಟಲೆ ನಿಗಾ ಇಟ್ಟಿದ್ದರು. ಅಂಕಿ ಸಂಖ್ಯೆಗಳು ಸುಧಾರಣೆ ತೋರಿಸುತ್ತಿದ್ದವು. 2018ರಲ್ಲಿ ಕ್ಯಾಲಿಫೋರ್ನಿಯಾದ ಜೈಲು ಇಲಾಖೆಯ ಮುಖ್ಯ ಮನೋವೈದ್ಯರೇ ಒಂದು ವರದಿ ಬರೆದು, ಈ ಅಂಕಿಗಳು ನಿಜವನ್ನು ಮುಚ್ಚುತ್ತಿವೆ ಎಂದರು. ಕೈದಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗಾಯಿಸಿದರೆ ಕಾಯುವ ದಿನದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಹಾಗಾಗಿ ತಡ ಆಗಿದ್ದು ಕಾಣುವುದೇ ಇಲ್ಲ ಎಂಬುದು ಅವರ ದೂರುಗಳಲ್ಲಿ ಒಂದು. 2019ರ ಡಿಸೆಂಬರಿನಲ್ಲಿ ನ್ಯಾಯಾಧೀಶರು, ತಪ್ಪು ದಾರಿಗೆ ಎಳೆಯುವ ಮಾಹಿತಿ ಕೊಡಲಾಗಿತ್ತು ಎಂದೇ ತೀರ್ಮಾನಿಸಿದರು. ನ್ಯಾಯಾಲಯದ ಕಣ್ಣೆದುರೇ ಹೀಗಾಗಿದೆ ಅಂದ ಮೇಲೆ ಉಳಿದವರ ಗತಿ ಏನು, ಅಲ್ವಾ?

ಆದ್ದರಿಂದ ಸರಾಸರಿ ಎಷ್ಟು ಎಂದು ಕೇಳುವ ಮುಂಚೆ ಕೇಳಬೇಕಾದದ್ದು: ನೀವು ಎಣಿಕೆ ಯಾವತ್ತಿನಿಂದ ಶುರು ಮಾಡುತ್ತೀರಿ, ಯಾವತ್ತಿಗೆ ನಿಲ್ಲಿಸುತ್ತೀರಿ? ವರ್ಗಾವಣೆಯಾದರೆ ಏನು ಮಾಡುತ್ತೀರಿ? ಸೆಲ್ಲಿನ ಕಂಬಿ ಹೊರಗಿನಿಂದ ಒಂದು ನಿಮಿಷ 'ಹೇಗಿದ್ದೀಯ' ಎಂದು ಕೇಳಿದ್ದನ್ನೂ ಭೇಟಿ ಎಂದು ಎಣಿಸುತ್ತೀರಾ? ಆಮೇಲೆ ನಿಮ್ಮ ಹತ್ತು ಜನರ ಲೆಕ್ಕವನ್ನು ನೀವೇ ಕೈಯಾರೆ ಹಾಕಿ. ಕೈದಿ ಹೇಳಿದ ದಿನಾಂಕ, ಚೀಟಿಯ ದಿನಾಂಕ, ರಿಜಿಸ್ಟರಿನ ದಿನಾಂಕ, ಮೂರೂ ಬರೆಯಿರಿ.

ಹೊರಗಿನ ಮಾನಸಿಕ ಆಸ್ಪತ್ರೆಗೆ ಕಳುಹಿಸುವುದಕ್ಕೂ ಇದೇ ಲೆಕ್ಕ. ಅಲ್ಲಿ ತಡವಾಗುವುದು ಬರೀ ಹಾಸಿಗೆ ಇಲ್ಲ ಅಂತ ಅಲ್ಲ. ಬೆಂಗಾವಲಿಗೆ ಪೊಲೀಸರು ಸಿಗಲಿಲ್ಲ, ವಾಹನ ಬೇರೆ ಕಡೆ ಹೋಗಿತ್ತು ಅಂತಲೂ ಇರುತ್ತದೆ. ರದ್ದಾದ ಪ್ರತಿ ಆಸ್ಪತ್ರೆ ಭೇಟಿಯ ಕಾರಣ ಬರೆದಿಟ್ಟಿದ್ದಾರಾ ನೋಡಿ. ಕಾರಣ ಬೆಂಗಾವಲಾದರೆ ಅದಕ್ಕೆ ಮದ್ದು ಆರೋಗ್ಯ ಇಲಾಖೆಯಲ್ಲಿ ಸಿಗುವುದಿಲ್ಲ. ವರದಿ ಹೋಗಬೇಕಾದ ವಿಳಾಸವೇ ಬೇರೆ.

ಹೆಜ್ಜೆ 6: ಮಾತ್ರೆ

ಇದು ಬೇಗ ಮುಗಿಯುವ ಕೆಲಸ, ತಂಡದ ವೈದ್ಯರೋ ನರ್ಸೋ ಮಾಡಲಿ. ಔಷಧಿ ಚಾರ್ಟಿನಲ್ಲಿ ಖಾಲಿ ಚೌಕಗಳು ಎಷ್ಟು? ದಾಸ್ತಾನು ಮುಗಿದು ಎಷ್ಟು ದಿನ ಮಾತ್ರೆ ನಿಂತಿತ್ತು? ರಾತ್ರಿ ಮಲಗುವ ಮುಂಚೆ ತಗೊಳ್ಳಬೇಕಾದ ಮಾತ್ರೆಯನ್ನು ಸೆಲ್ಲಿಗೆ ಬೀಗ ಬೀಳುತ್ತದೆ ಎಂದು ಸಂಜೆ ನಾಲ್ಕಕ್ಕೇ ನುಂಗಿಸುತ್ತಿದ್ದಾರಾ? ಮನಸ್ಥಿತಿಯ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತಗೊಳ್ಳುವವರಿಗೆ ಆಗಾಗ ರಕ್ತ ಪರೀಕ್ಷೆ ಬೇಕೇ ಬೇಕು. ಸೈಕೋಸಿಸ್‌ಗೆ ಕೊಡುವ ಕ್ಲೋಜಪಿನ್ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ವಾರ ವಾರವೂ ಬೇಕು. ಆ ವರದಿಗಳು ಫೈಲಿನಲ್ಲಿ ಇವೆಯಾ? ಸೈಕೋಸಿಸ್‌ಗೆ ಕೊಡುವ ಕೆಲವು ಮಾತ್ರೆಗಳು ಮೈಯ ಬಿಸಿ ತಣಿಯದ ಹಾಗೆ ಮಾಡುತ್ತವೆ. ಗಾಳಿಯಾಡದ ಸೆಲ್ಲಿನಲ್ಲಿ ಬೇಸಿಗೆಯಲ್ಲಿ ಅದು ಅಪಾಯ. ಯಾರಾದರೂ ಇದನ್ನು ಯೋಚಿಸಿದ್ದಾರಾ ಕೇಳಿ.

ಎರಡು ತಪ್ಪು ಎದುರು ಬದುರು ನಿಂತಿರುತ್ತವೆ. ಬೇಕಾದವರಿಗೆ ಮಾತ್ರೆ ಸಿಗುವುದಿಲ್ಲ. ಬೇಡದವರಿಗೆ, ಬ್ಯಾರಕ್ ಸದ್ದಿಲ್ಲದೆ ಇರಲಿ ಎಂದು ನಿದ್ದೆ ಮಾತ್ರೆ ಧಾರಾಳವಾಗಿ ಸಿಗುತ್ತದೆ. ಮಾತ್ರೆ ಬಿಟ್ಟು ಬೇರೆ ಏನಿದೆ, ಯಾರಾದರೂ ಕೂತು ಮಾತಾಡುತ್ತಾರಾ ಎಂದು ಕೇಳಿದಾಗ ಬರುವ ಮೌನವನ್ನೂ ಬರೆದುಕೊಳ್ಳಿ.

ಹೆಜ್ಜೆ 7: ಒಂಟಿ ಸೆಲ್

ಇಲ್ಲಿ ಅವಸರ ಬೇಡ. ಅರ್ಧ ದಿನ ಹೋದರೂ ಹೋಗಲಿ.

ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು, ಅರ್ಥವುಳ್ಳ ಮನುಷ್ಯ ಸಂಪರ್ಕ ಇಲ್ಲದೆ ಕೂಡಿಹಾಕುವುದನ್ನು ಮಂಡೇಲಾ ನಿಯಮಗಳು ಏಕಾಂತ ಸೆರೆ ಎನ್ನುತ್ತವೆ. ಸತತ 15 ದಿನ ದಾಟಿದರೆ ಅದು ದೀರ್ಘ ಏಕಾಂತ, ಅದಕ್ಕೆ ಅವಕಾಶವೇ ಇಲ್ಲ. ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯ ಇರುವವರ ಸ್ಥಿತಿ ಅದರಿಂದ ಕೆಡುವುದಾದರೆ 15 ದಿನ ಇರಲಿ, ಒಂದು ದಿನವೂ ಕೂಡದು ಎನ್ನುತ್ತದೆ ನಿಯಮ 45. ಆರೋಗ್ಯ ಸಿಬ್ಬಂದಿ ಅಂಥವರನ್ನು ದಿನವೂ ನೋಡಬೇಕು, ಆದರೆ ಶಿಕ್ಷೆ ಕೊಡುವುದರಲ್ಲಿ ಅವರ ಕೈ ಇರಬಾರದು ಎನ್ನುತ್ತದೆ 46. ಈ ಎರಡನೆಯದನ್ನು ಜನ ಮರೆಯುತ್ತಾರೆ. 'ಒಂಟಿ ಸೆಲ್ಲಿಗೆ ಯೋಗ್ಯ' ಎಂದು ವೈದ್ಯರಿಂದ ಬರೆಸಿಕೊಂಡು ಕಳುಹಿಸುವ ಪದ್ಧತಿ ಇದ್ದರೆ ಅದನ್ನು ವರದಿಯಲ್ಲಿ ಎತ್ತಿ ಹೇಳಿ. ಆ ಸಹಿ ಹಾಕಿದ ವೈದ್ಯರನ್ನು ಕೈದಿ ಮತ್ತೆ ಯಾಕೆ ನಂಬುತ್ತಾನೆ?

ಹೆಸರಿನಿಂದ ಮೋಸ ಹೋಗಬೇಡಿ. ಏಕಾಂತ ಸೆರೆ ಎಂದು ಯಾರೂ ಬೋರ್ಡ್ ಹಾಕುವುದಿಲ್ಲ. ಭದ್ರತಾ ಬ್ಲಾಕ್, ವಿಶೇಷ ವಿಭಾಗ, ಅವನ ರಕ್ಷಣೆಗಾಗಿ ಪ್ರತ್ಯೇಕ, ವೀಕ್ಷಣಾ ಕೊಠಡಿ, ಹೀಗೆ ನೂರು ಹೆಸರು. ಹೆಸರು ಏನಿದ್ದರೂ ನೀವು ಕೇಳುವುದು ಎರಡೇ: ದಿನಕ್ಕೆ ಎಷ್ಟು ಗಂಟೆ ಹೊರಗೆ ಬಿಡುತ್ತೀರಿ, ನಿನ್ನೆ ಇವನ ಜೊತೆ ಯಾರು ಮಾತಾಡಿದರು? ತಟ್ಟೆ ತಳ್ಳಿ ಹೋಗಿದ್ದನ್ನು ಮಾತು ಎಂದು ಎಣಿಸಬೇಡಿ.

ದಿನಗಳನ್ನು ಎಣಿಸುವಾಗ ಒಂದು ಚಾಲಾಕಿತನ ಕಣ್ಣಿಗೆ ಬೀಳಬಹುದು. ಹದಿನಾಲ್ಕನೆಯ ದಿನ ಹೊರಗೆ, ಹದಿನಾರನೆಯ ದಿನ ಮತ್ತೆ ಒಳಗೆ. ಕಾಗದದಲ್ಲಿ ನಿಯಮ ಮುರಿದಿಲ್ಲ. ಒಟ್ಟು ಆರು ತಿಂಗಳಲ್ಲಿ ಎಷ್ಟು ದಿನ ಎಂದು ಕೂಡಿಸಿ ನೋಡಿ.

ಆಮೇಲೆ ಬಾಗಿಲ ಮುಂದೆ ನಿಲ್ಲಿ. ಮೂಗು ಏನು ಹೇಳುತ್ತದೆ? ಸ್ನಾನ ಮಾಡದೆ ಎಷ್ಟು ದಿನವಾಗಿದೆ, ಊಟ ಹಾಗೇ ಉಳಿದಿದೆಯಾ, ಉಗುರು ಬೆಳೆದಿದೆಯಾ, ಕಿಟಕಿಯಿಂದ ಬೆಳಕು ಬರುತ್ತಾ? ಕೂಗಾಡುವವನನ್ನು ಎಲ್ಲರೂ ಗಮನಿಸುತ್ತಾರೆ. ಸದ್ದೇ ಮಾಡದವನ ಬಾಗಿಲಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ. 'ಇವನದ್ದು ಏನೂ ತೊಂದರೆ ಇಲ್ಲ ಸಾರ್, ತುಂಬಾ ಸಾಧು' ಎಂದು ವಾರ್ಡರ್ ಹೇಳಿದ ಕೈದಿಯ ಹೆಸರನ್ನು ನಿಮ್ಮ ಪಟ್ಟಿಗೆ ಹನ್ನೊಂದನೆಯದಾಗಿ ಸೇರಿಸಿ.

ಹೆಜ್ಜೆ 8: ಆತ್ಮಹತ್ಯೆ ತಡೆಯುವ ನಿಗಾ

ಅಪಾಯ ಇದೆ ಎಂದು ಗುರುತಿಸಿದವರನ್ನು ಇಷ್ಟಿಷ್ಟು ಹೊತ್ತಿಗೊಮ್ಮೆ ನೋಡಿ ಬರೆಯುವ ಹಾಳೆ ಇರುತ್ತದೆ. 10:00, 10:15, 10:30, 10:45 ಎಂದು ರಾತ್ರಿಯಿಡೀ ಗೆರೆ ಎಳೆದ ಹಾಗೆ ಇದ್ದರೆ ಅನುಮಾನ ಪಡಿ. ನಿಜವಾಗಿ ಓಡಾಡಿದವರ ಹಾಳೆ ಅಷ್ಟು ಅಂದವಾಗಿ ಇರುವುದಿಲ್ಲ. ಅದೂ ಅಲ್ಲದೆ, ಮುಂದಿನ ಸಲ ಯಾವಾಗ ಬರುತ್ತಾರೆ ಎಂದು ಕೈದಿಗೆ ಮೊದಲೇ ಗೊತ್ತಾಗಬಾರದು. ಒಂದು ರಾತ್ರಿಯ ಹಾಳೆಯನ್ನು ಸಿಸಿಟಿವಿ ಜೊತೆ ಇಟ್ಟು ನೋಡಿ. ಒಂದೇ ರಾತ್ರಿ ಸಾಕು.

ನಿಗಾ ಅಂದರೆ ಬಟ್ಟೆ ಕಿತ್ತುಕೊಂಡು ಖಾಲಿ ಕೋಣೆಗೆ ಹಾಕುವುದು ಎಂದು ತಿಳಿದ ಕಡೆ, ಕೈದಿಗಳು ತಮ್ಮ ಮನಸ್ಸಿನ ಮಾತು ಹೇಳುವುದನ್ನೇ ನಿಲ್ಲಿಸುತ್ತಾರೆ. ಹೇಳಿದರೆ ಶಿಕ್ಷೆ ಅಂತ ಗೊತ್ತಿರುವಾಗ ಯಾರು ಹೇಳುತ್ತಾರೆ? ಜೊತೆಯಲ್ಲಿ ಕೂತು ಮಾತಾಡುವವರು ಯಾರು, ನಿಗಾದಿಂದ ಹೊರಗೆ ತರುವ ತೀರ್ಮಾನ ಯಾರದ್ದು, ಹೊರಗೆ ತಂದ ಮೇಲೆ ಒಂದು ವಾರದೊಳಗೆ ಮತ್ತೆ ನೋಡಿದರಾ ಎಂದು ಕೇಳಿ.

ಸಾವು ನಡೆದಿದ್ದರೆ ಆ ಫೈಲನ್ನು ಮೊದಲಿನಿಂದ ಕೊನೆವರೆಗೆ ಓದಿ. ಯಾರ ತಪ್ಪು ಎಂಬ ಪ್ರಶ್ನೆಗೆ ಉತ್ತರ ಕೊಡುವವರು ಬೇರೆ ಇದ್ದಾರೆ. ನಿಮ್ಮ ಪ್ರಶ್ನೆ: ಆ ಸಾವಿನ ನಂತರ ಈ ಜೈಲಿನಲ್ಲಿ ಯಾವ ಒಂದು ಪದ್ಧತಿ ಬದಲಾಯಿತು? ತೋರಿಸಿ.

ಹೆಜ್ಜೆ 9: ಕೈದಿಗಳ ಜೊತೆ ಮಾತು

ಕಿವಿಗೆ ಕೇಳದಷ್ಟು ದೂರದಲ್ಲಿ ಸಿಬ್ಬಂದಿ ಇರಲಿ, ಕಣ್ಣಿಗೆ ಕಂಡರೆ ಪರವಾಗಿಲ್ಲ. ನೀವು ಯಾರು, ಏನು ಮಾಡಬಲ್ಲಿರಿ, ಏನು ಮಾಡಲಾರಿರಿ ಎಂದು ಮೊದಲೇ ಹೇಳಿ. ಬಿಡುಗಡೆ ಮಾಡಿಸಲು ಬಂದಿಲ್ಲ ಎಂದೂ ಹೇಳಿ. ಸುಳ್ಳು ಆಸೆ ಹುಟ್ಟಿಸಿ ಬರುವುದಕ್ಕಿಂತ ಹೋಗದೆ ಇರುವುದು ಮೇಲು.

'ನಿಮಗೆ ಮಾನಸಿಕ ಕಾಯಿಲೆ ಇದೆಯಾ' ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನಿದ್ದೆ ಬರುತ್ತಾ? ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ? ಊಟ ಸೇರುತ್ತಾ? ಮನೆಯವರು ಕೊನೆಯ ಸಲ ಬಂದಿದ್ದು ಯಾವಾಗ? ತುಂಬಾ ಕಷ್ಟ ಆದಾಗ ಇಲ್ಲಿ ಯಾರಿಗೆ ಹೇಳುತ್ತೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರ ತೂಕದ್ದು. ವೈದ್ಯರ ಹೆಸರೋ, ವಾರ್ಡರ್ ಹೆಸರೋ ಬಂದರೆ ವ್ಯವಸ್ಥೆ ಜೀವಂತ ಇದೆ. ಪಕ್ಕದ ಕೈದಿಯ ಹೆಸರು ಬರುವುದೇ ಹೆಚ್ಚು. ಬ್ಯಾರಕ್ಕಿನಲ್ಲಿ ಯಾರ ಬಗ್ಗೆ ನಿಮಗೆ ಚಿಂತೆ ಇದೆ ಎಂದೂ ಕೇಳಿ. ಯಾರು ಊಟ ಬಿಟ್ಟಿದ್ದಾರೆ, ಯಾರು ರಾತ್ರಿ ಒಬ್ಬರೇ ಮಾತಾಡುತ್ತಾರೆ ಎಂದು ಅವರಿಗೆ ವೈದ್ಯರಿಗಿಂತ ಮುಂಚೆ ಗೊತ್ತಿರುತ್ತದೆ.

ಭಾಷೆ ಬಾರದ ಕೈದಿಗೆ ಇನ್ನೊಬ್ಬ ಕೈದಿಯನ್ನು ದುಭಾಷಿಯಾಗಿ ಕೂರಿಸಬೇಡಿ. ಇವತ್ತು ಹೇಳಿದ ಗುಟ್ಟು ನಾಳೆ ಬ್ಯಾರಕ್ಕಿನ ಸುದ್ದಿ.

ನಿಮ್ಮ ಜೊತೆ ಮಾತಾಡಿದ್ದಕ್ಕೆ ಅವರಿಗೆ ತೊಂದರೆ ಆಗಬಹುದು. ಆದ್ದರಿಂದ ದೂರು ಇರುವವರನ್ನು ಮಾತ್ರ ಕರೆಯಬೇಡಿ. ಒಂದೇ ಸಾಲಿನಲ್ಲಿ ಎಂಟು ಹತ್ತು ಜನರನ್ನು ಒಬ್ಬೊಬ್ಬರಾಗಿ, ಸರಿಸುಮಾರು ಅಷ್ಟೇ ಹೊತ್ತು ಮಾತಾಡಿಸಿ. ಯಾರು ಏನು ಹೇಳಿದರು ಎಂದು ಹೊರಗೆ ಗೊತ್ತಾಗುವುದಿಲ್ಲ. ಟಿಪ್ಪಣಿಯಲ್ಲಿ ಹೆಸರಿನ ಬದಲು ನಿಮಗಷ್ಟೇ ಗೊತ್ತಿರುವ ಗುರುತು ಹಾಕಿ. ಎರಡು ವಾರದೊಳಗೆ ಅವರಲ್ಲಿ ಇಬ್ಬರು ಮೂವರನ್ನಾದರೂ ಮತ್ತೆ ನೋಡಿ, ಸೆಲ್ ಬದಲಾಗಿದೆಯಾ, ಮನೆಯವರ ಭೇಟಿ ನಿಂತಿದೆಯಾ ಎಂದು ವಿಚಾರಿಸಿ.

ಮಾತಿನ ನಡುವೆ ಒಬ್ಬರು ಸಾಯುವ ಯೋಚನೆ ಇದೆ ಎಂದರೆ? ಆಗ ನೀವು ತಪಾಸಕರಲ್ಲ. ಅವರಿಗೆ ಹೇಳಿಯೇ, ಅವತ್ತೇ, ಜಾಗ ಬಿಡುವ ಮುಂಚೆ ಆರೋಗ್ಯ ಸಿಬ್ಬಂದಿಗೆ ತಿಳಿಸಿ, ಬರಹದಲ್ಲಿ ಕೊಟ್ಟು, ಪಡೆದವರ ಸಹಿ ತಗೊಳ್ಳಿ. ಗೋಪ್ಯತೆಗೆ ಇರುವ ಈ ಒಂದು ಮಿತಿಯನ್ನು ಮಾತು ಶುರು ಮಾಡುವಾಗಲೇ ಹೇಳಿರಬೇಕು.

ಹೆಜ್ಜೆ 10: ಸಿಬ್ಬಂದಿ ಮತ್ತು ಬಿಡುಗಡೆ

ವಾರ್ಡರ್‌ಗಳನ್ನು ಎದುರಾಳಿಗಳ ಹಾಗೆ ನೋಡಬೇಡಿ. ರಾತ್ರಿ ಪಾಳಿಯಲ್ಲಿ ನೂರಾರು ಜನಕ್ಕೆ ಇಬ್ಬರೇ ಇದ್ದಾಗ ಯಾವ ತರಬೇತಿಯೂ ಉಪಯೋಗಕ್ಕೆ ಬರುವುದಿಲ್ಲ. ಹಗ್ಗ ಕತ್ತರಿಸಿ ಕೆಳಗಿಳಿಸಿದ ವಾರ್ಡರ್ ಮರುದಿನ ಅದೇ ಪಾಳಿಗೆ ಬಂದಿರುತ್ತಾನೆ, ಅವನನ್ನು ಹೇಗಿದ್ದೀಯ ಎಂದು ಕೇಳಿದವರು ಯಾರೂ ಇರುವುದಿಲ್ಲ. ಅವರನ್ನೂ ಒಬ್ಬೊಬ್ಬರಾಗಿ ಮಾತಾಡಿಸಿ. ಯಾವ ಕೈದಿ ಇಲ್ಲಿ ಇರಬಾರದವನು ಎಂದು ನಿಮಗೆ ಅನ್ನಿಸುತ್ತದೆ ಎಂದು ಕೇಳಿ. ಹೆಸರು ತಕ್ಷಣ ಬರುತ್ತದೆ.

ಬಿಡುಗಡೆಯ ದಿನವನ್ನು ಜೈಲಿನವರು ಕೊನೆ ಎಂದುಕೊಳ್ಳುತ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರನ್ನು ಹಿಂಬಾಲಿಸಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಅಪಾಯ ಅಲ್ಲಿನ ಉಳಿದ ಜನರಿಗಿಂತ 12.7 ಪಟ್ಟು ಹೆಚ್ಚಿತ್ತು. ಹೆಚ್ಚಿನ ಸಾವು ಮಾದಕ ವಸ್ತು ಅತಿಯಾಗಿ. ಹಾಗಾಗಿ ಕಳೆದ ತಿಂಗಳು ಹೊರಗೆ ಹೋದ, ಮಾತ್ರೆ ತಗೊಳ್ಳುತ್ತಿದ್ದ ಐದು ಜನರ ಫೈಲ್ ನೋಡಿ. ಕೈಯಲ್ಲಿ ಎಷ್ಟು ದಿನದ ಮಾತ್ರೆ ಕೊಟ್ಟರು? ಚೀಟಿ ಕೊಟ್ಟರಾ? ಹೊರಗೆ ಯಾವ ವೈದ್ಯರು, ಯಾವ ದಿನ? ಜಾಮೀನು ಸಿಕ್ಕಿ ರಾತ್ರೋರಾತ್ರಿ ಬಿಡುಗಡೆ ಆಗುವವರಿಗೆ ಇದ್ಯಾವುದೂ ಸಿಗದೆ ಹೋಗುವುದು ಜಾಸ್ತಿ.

ಹೆಜ್ಜೆ 11: ವರದಿ

'ಮಾನಸಿಕ ಆರೋಗ್ಯ ಸೇವೆಯನ್ನು ಬಲಪಡಿಸಬೇಕು' ಎಂಬ ವಾಕ್ಯವನ್ನು ಬರೆಯಬೇಡಿ. ಅದಕ್ಕೆ ಎಲ್ಲರೂ ಒಪ್ಪುತ್ತಾರೆ, ಯಾರೂ ಏನೂ ಮಾಡುವುದಿಲ್ಲ. ಬದಲಿಗೆ: 'ಸಂಜೆ ಆರರ ನಂತರ ಬಂದ ಹೊಸಬರನ್ನು ಮರುದಿನ ಮಧ್ಯಾಹ್ನದವರೆಗೆ ಯಾರೂ ನೋಡುತ್ತಿಲ್ಲ. ನೋಡಿದ 12 ಹಾಳೆಗಳಲ್ಲಿ 9ರಲ್ಲಿ ಹೀಗಿದೆ. ರಾತ್ರಿ ಪಾಳಿಗೆ ಒಬ್ಬ ನರ್ಸ್ ಬೇಕು. ಹೊಣೆ ವೈದ್ಯಾಧಿಕಾರಿಯದ್ದು. ಗಡುವು 60 ದಿನ.' ಏನು ಕಂಡಿರಿ, ಎಷ್ಟರಲ್ಲಿ ಕಂಡಿರಿ, ಯಾರು ಮಾಡಬೇಕು, ಯಾವಾಗೊಳಗೆ. ಇಂಥವು ಆರೇಳು ಇದ್ದರೆ ಸಾಕು. ನಲವತ್ತು ಶಿಫಾರಸು ಕೊಟ್ಟರೆ ಅವರು ಸುಲಭದ ಮೂವತ್ತನ್ನು ಮಾಡಿ ಮುಖ್ಯವಾದ ಹತ್ತನ್ನು ಬಿಡುತ್ತಾರೆ.

ಪ್ರಾಣಕ್ಕೆ ಸಂಬಂಧಿಸಿದ್ದು ವರದಿಗಾಗಿ ಕಾಯಬಾರದು. ಅದನ್ನು ಅವತ್ತೇ ಪತ್ರದಲ್ಲಿ ಕೊಡಿ. ಚೆನ್ನಾಗಿ ನಡೆಯುತ್ತಿರುವುದನ್ನೂ ಹೆಸರು ಹೇಳಿ ಬರೆಯಿರಿ, ಯಾಕೆಂದರೆ ಒಳ್ಳೆಯ ನರ್ಸೊಬ್ಬರ ವರ್ಗಾವಣೆ ಆ ಒಂದು ಸಾಲಿನಿಂದ ನಿಲ್ಲಬಹುದು. ಆದರೆ ಪ್ರಕಟಿಸುವ ಪ್ರತಿಯಿಂದ ಕೈದಿ ಯಾರು ಎಂದು ಗುರುತು ಸಿಗುವ ವಿವರಗಳನ್ನು ತೆಗೆಯಿರಿ. ಶಿಫಾರಸುಗಳನ್ನು ಜಾರಿ ಮಾಡುತ್ತೀರೋ ಇಲ್ಲವೋ ಎಂದು ಅಧಿಕಾರಿಗಳು ಸೂಕ್ತ ಸಮಯದೊಳಗೆ ತಿಳಿಸಬೇಕು ಎಂದು ಮಂಡೇಲಾ ನಿಯಮ 85 ಹೇಳುತ್ತದೆ. ಆ ಉತ್ತರವನ್ನು ಬರಹದಲ್ಲೇ ಕೇಳಿ.

ಹೆಜ್ಜೆ 12: ಅದೇ ಹೆಸರುಗಳ ಜೊತೆ ಮತ್ತೆ

ಮೂರು ತಿಂಗಳಾದ ಮೇಲೆ ಹೋಗಿ, ಈ ಸಲ ಹೇಳದೆ ಹೋಗಿ. 'ಜಾರಿಯಾಗಿದೆ' ಎಂದು ಬರೆದುಕೊಟ್ಟ ಶಿಫಾರಸಿಗೆ ಸಾಕ್ಷಿ ಸುತ್ತೋಲೆಯಲ್ಲ. ರಾತ್ರಿ ಪಾಳಿಗೆ ನರ್ಸ್ ಇದ್ದಾರೆ ಎಂದರೆ ರಾತ್ರಿ ಒಂಬತ್ತಕ್ಕೆ ಗೇಟಿಗೆ ಹೋಗಿ ನೋಡುವುದು ಸಾಕ್ಷಿ.

ಹಳೆಯ ಹತ್ತು ಹೆಸರುಗಳ ಪಟ್ಟಿ ಜೇಬಿನಲ್ಲಿರಲಿ. ಒಬ್ಬೊಬ್ಬರೂ ಈಗ ಎಲ್ಲಿದ್ದಾರೆ ಎಂದು ಕೇಳಿ. ಇಬ್ಬರು ಬಿಡುಗಡೆಯಾಗಿರಬಹುದು, ಒಬ್ಬರು ಆಸ್ಪತ್ರೆಗೆ ಹೋಗಿರಬಹುದು. ಬೇರೆ ಜೈಲಿಗೆ ವರ್ಗಾವಣೆಯಾಗಿದ್ದರೆ ಅವರ ಫೈಲ್ ಯಾವ ದಿನ ಹೊರಟಿತು, ಮಾತ್ರೆ ಜೊತೆಗೆ ಹೋಯಿತಾ ಎಂದು ಕೇಳಿ, ಆ ಜೈಲಿಗೆ ಫೋನ್ ಮಾಡಿ ತಲುಪಿದ್ದನ್ನು ಖಚಿತಪಡಿಸಿಕೊಳ್ಳಿ. ಗೋಡೆಗೆ ಮುಖ ಮಾಡಿ ಕೂತಿದ್ದವನ ಸೆಲ್ಲಿನಲ್ಲಿ ಈಗ ಬೇರೆ ಯಾರೋ ಇದ್ದರೆ, ಅವರ ಹೆಸರನ್ನು ಹೊಸ ಪಟ್ಟಿಯಲ್ಲಿ ಮೊದಲು ಬರೆಯಿರಿ.